ಫೋನಿನಲ್ಲೇ ವೀರಗಲ್ಲಿನ 3ಡಿ ಮಾದರಿ: ಸವೆದ ಅಕ್ಷರ ಓದುವ ದಾರಿ

ಹಳೆ ಮೈಸೂರಿನ ಕಡೆ ಹೋಗಿ, ಮಲೆನಾಡಿಗೆ ಹೋಗಿ, ಧಾರವಾಡದ ಕಡೆ ಹೋಗಿ. ಊರ ಬಾಗಿಲಲ್ಲೋ ಕೆರೆ ಏರಿಯ ಮೇಲೋ ಒಂದು ವೀರಗಲ್ಲು ಸಿಕ್ಕೇ ಸಿಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಎಷ್ಟೋ ಕಲ್ಲುಗಳಲ್ಲಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಎರಡು ಮೂರು ಸಾಲು ಬರಹವೂ ಇರುತ್ತದೆ. ಚಿತ್ರ ಎಲ್ಲರಿಗೂ ಕಾಣುತ್ತದೆ, ಅಕ್ಷರ ಮಾತ್ರ ಕಾಣುವುದಿಲ್ಲ. ನೂರಾರು ವರ್ಷದ ಮಳೆ, ಬಿಸಿಲು, ಎಣ್ಣೆ, ಸುಣ್ಣ, ಮೈ ಉಜ್ಜಿಕೊಂಡ ದನಗಳು ಎಲ್ಲ ಸೇರಿ ಅದನ್ನು ಸವೆಸಿರುತ್ತವೆ.

ಇಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕೆಲಸಕ್ಕೆ ಬರುತ್ತದೆ. ಗ್ರಾಫಿಕ್ಸ್ ಅಂದ ಕೂಡಲೇ ನಮಗೆ ಸಿನಿಮಾದ ಡೈನೋಸಾರ್, ಗೇಮ್‌ನ ಕಾರು ನೆನಪಾಗುತ್ತವೆ. ಈ ಆಕಾರದ ಮೇಲೆ ಬೆಳಕು ಬಿದ್ದರೆ ಹೇಗೆ ಕಾಣುತ್ತದೆ ಅನ್ನುವುದು ಆ ಸಂಶೋಧನೆಯ ಒಂದು ಪ್ರಶ್ನೆ. ಅದನ್ನೇ ತಿರುಗಿಸಿ, ಹೀಗೆ ಕಾಣಬೇಕಾದರೆ ಆಕಾರ ಹೇಗಿರಬೇಕು ಅಂತಲೂ ಕೇಳುತ್ತಾರೆ. ನಮಗೆ ಎರಡೂ ಬೇಕು. ಮೊದಲು ಫೋಟೊಗಳಿಂದ ಕಲ್ಲಿನ ಆಕಾರ ಪಡೆಯುತ್ತೇವೆ. ಆಮೇಲೆ ಅದರ ಬಣ್ಣ ತೆಗೆದು, ನಮಗೆ ಬೇಕಾದ ಕಡೆಯಿಂದ ಬೆಳಕು ಬಿಟ್ಟು ಓದುತ್ತೇವೆ. ಬಣ್ಣ ತೆಗೆಯುವುದೇ ಇದರ ಗುಟ್ಟು. ಪಾಚಿ ಕಲೆ, ಎಣ್ಣೆ ಜಿಡ್ಡು, ಕುಂಕುಮ, ಹಕ್ಕಿ ಹಿಕ್ಕೆ, ಹೀಗೆ ಓದುವಾಗ ಅಡ್ಡ ಬರುವುದರಲ್ಲಿ ಹೆಚ್ಚಿನದು ಬಣ್ಣವೇ. ಅಕ್ಷರ ಇರುವುದು ಬಣ್ಣದಲ್ಲಲ್ಲ, ಆಳದಲ್ಲಿ.

ನಮ್ಮಲ್ಲಿ ಈ ಕೆಲಸ ಆಗಲೇ ನಡೆದಿದೆ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿ 2021ರಿಂದ ಊರೂರಿನ ಶಾಸನಗಳನ್ನು 3ಡಿ ಸ್ಕ್ಯಾನರ್‌ನಲ್ಲಿ ದಾಖಲಿಸುತ್ತಿದೆ. ಹೆಬ್ಬಾಳದ ಕಿತ್ತಯ್ಯ ಅನ್ನುವ ವೀರನ ಕಲ್ಲು, ಕ್ರಿ.ಶ. 750ರ ಸುಮಾರಿನದು, ಬೆಂಗಳೂರಿನ ಜನಕ್ಕೆ ಪರಿಚಯವಾಗಿದ್ದು ಈಚೆಗೆ. ಅದಕ್ಕೂ ಮೊದಲೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಡಿಜಿಟಲ್ ಹಂಪಿ ಅನ್ನುವ ಯೋಜನೆ ನಡೆಸಿತ್ತು. ಐಐಟಿಗಳ ಜೊತೆ ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರೂ ಅದರಲ್ಲಿ ಕೆಲಸ ಮಾಡಿದ್ದರು. ಒಳ್ಳೆಯ ಸ್ಕ್ಯಾನರ್ ಬೇಕಾದರೆ ಲಕ್ಷಗಟ್ಟಲೆ ಸುರಿಯಬೇಕು. ನಾನು ಇಲ್ಲಿ ಹೇಳುವುದು ಫೋನ್ ಮತ್ತು ಉಚಿತ ಸಾಫ್ಟ್‌ವೇರ್‌ನಲ್ಲಿ ಆಗುವ ಕೆಲಸ. ಇದಕ್ಕೆ ಫೋಟೊಗ್ರಾಮೆಟ್ರಿ ಅನ್ನುತ್ತಾರೆ.

ಹೊರಡುವ ಮುಂಚೆ

ಮೊದಲು ಎಪಿಗ್ರಾಫಿಯಾ ಕರ್ನಾಟಿಕಾ ತೆಗೆದು ನೋಡಿ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಶಾಸನಗಳ ಸಂಪುಟಗಳಿವು. ಜಿಲ್ಲೆ, ತಾಲ್ಲೂಕು, ಊರು ಹಿಡಿದು ಹುಡುಕಬಹುದು. ಹಳೆಯವು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದಿದೆ. ನಿಮ್ಮ ಕಲ್ಲನ್ನು ನೂರು ವರ್ಷದ ಹಿಂದೆ, ಇಷ್ಟು ಸವೆದಿಲ್ಲದಾಗ, ಯಾರೋ ಓದಿ ಅಚ್ಚು ಹಾಕಿಸಿರಬಹುದು. ಹಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನಿಮ್ಮ ಮಾದರಿಯನ್ನು ಆ ಪಾಠದ ಜೊತೆ ಹೋಲಿಸಿ ನೋಡಬಹುದು.

ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಊರ ಹಿರಿಯರನ್ನೋ ಪೂಜಾರಿಯವರನ್ನೋ ಮೊದಲು ಕೇಳಿ. ಕೇಳಿದರೆ ಬೇಡ ಅನ್ನುವವರು ಕಮ್ಮಿ. ಕೇಳದೆ ಸುತ್ತ ಓಡಾಡಿ ಫೋಟೊ ತೆಗೆದರೆ ನಿಧಿ ಹುಡುಕುವವರು ಬಂದಿದ್ದಾರೆ ಅಂತ ಅನುಮಾನ ಪಡುತ್ತಾರೆ. ಅದು ಸುಮ್ನೆ ಅನುಮಾನವೂ ಅಲ್ಲ, ವೀರಗಲ್ಲಿನ ಕೆಳಗೆ ಅಗೆದು ಹಾಳು ಮಾಡಿದ ಜಾಗಗಳು ಬೇಕಾದಷ್ಟಿವೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಒಳಗಿನ ಕಲ್ಲಾದರೆ ಟ್ರೈಪಾಡ್ ಬಳಸಲು ಅನುಮತಿ ಬೇಕು. ಫೋನ್ ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಆದರೂ ಬಾಗಿಲಲ್ಲಿ ವಿಚಾರಿಸಿ.

ಕಲ್ಲನ್ನು ತೊಳೆಯಬೇಡಿ. ಒಣಗಿದ ಎಲೆ, ಧೂಳು, ಜೇಡರ ಬಲೆ ಇದ್ದರೆ ಮೆತ್ತನೆಯ ಬ್ರಷ್‌ನಲ್ಲಿ ಸರಿಸಿ, ಅಷ್ಟೇ. ತಂತಿ ಬ್ರಷ್, ಸೋಪು, ಆ್ಯಸಿಡ್ ಯಾವುದೂ ಬೇಡ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣ ಉಜ್ಜುವುದು, ಮೈದಾ ಹಿಟ್ಟು ತುಂಬುವುದು ನಮ್ಮಲ್ಲಿ ಹಳೆ ಅಭ್ಯಾಸ. ಅದರಿಂದ ಕಲ್ಲಿಗೂ ಕೇಡು, ಓದಿಗೂ ಕೇಡು. ಸೀಮೆಸುಣ್ಣದಲ್ಲಿ ತಿದ್ದಿದವರು ತಮಗೆ ಅನಿಸಿದ ಅಕ್ಷರವನ್ನು ತಿದ್ದಿರುತ್ತಾರೆ. ಕಲ್ಲಿನಲ್ಲಿರುವುದು ಅದೇ ಆಗಿರಬೇಕು ಅಂತೇನಿಲ್ಲ.

ಬ್ಯಾಗಿನಲ್ಲಿ ಇಷ್ಟಿರಲಿ: ಫೋನ್, ಪವರ್‌ಬ್ಯಾಂಕ್, 30 ಸೆಂಟಿಮೀಟರ್‌ನ ಸ್ಟೀಲ್ ಸ್ಕೇಲು, ಒಂದು ದೊಡ್ಡ ಕಪ್ಪು ಕೊಡೆ ಅಥವಾ ಬೆಡ್‌ಶೀಟು, ನೋಟ್‌ಬುಕ್ಕು. ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು. ಸುತ್ತ ಸೇರುವ ಮಕ್ಕಳ ಜೊತೆ ಮಾತಾಡುವುದಕ್ಕಾದರೂ ಬೇಕಾಗುತ್ತದೆ.

ಬೆಳಕು

ಫೋಟೊ ತೆಗೆಯಲು ಒಳ್ಳೆಯ ಬಿಸಿಲು ಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಇಲ್ಲಿ ತದ್ವಿರುದ್ಧ. ಮೋಡ ಕವಿದ, ಆದರೆ ಮಳೆ ಇಲ್ಲದ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಮೋಡ ಸಿಗದಿದ್ದರೆ ಬಿಸಿಲು ಕಲ್ಲಿನ ಮೇಲೆ ಬೀಳುವ ಮುಂಚೆ ಹೋಗಿ. ಅದೂ ಆಗದಿದ್ದರೆ ಬೆಡ್‌ಶೀಟಿನಿಂದ ಇಡೀ ಕಲ್ಲಿಗೆ ನೆರಳು ಮಾಡಿ. ಅರ್ಧ ಬಿಸಿಲು ಅರ್ಧ ನೆರಳು ಇದ್ದರೆ ತೊಂದರೆ ಜಾಸ್ತಿ. ಮರದ ಎಲೆಯ ನೆರಳು ಅಲ್ಲಾಡುತ್ತಿದ್ದರೆ ಇನ್ನೂ ಜಾಸ್ತಿ.

ಯಾಕೆ ಅಂದರೆ, ಸಾಫ್ಟ್‌ವೇರ್ ಒಂದು ಫೋಟೊದ ಚುಕ್ಕಿಯನ್ನು ಇನ್ನೊಂದು ಫೋಟೊದಲ್ಲಿ ಹುಡುಕುತ್ತದೆ. ಕಲ್ಲಿನ ಮೇಲಿನ ಕಲೆ ಕದಲುವುದಿಲ್ಲ. ನೆರಳು ಕದಲುತ್ತದೆ. ನೆರಳಿನ ಅಂಚನ್ನೇ ಗುರುತು ಅಂತ ಹಿಡಿದರೆ ಲೆಕ್ಕ ತಪ್ಪುತ್ತದೆ. ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಓರೆ ಬೆಳಕನ್ನು ನಾವು ಆಮೇಲೆ ಕಂಪ್ಯೂಟರ್ ಒಳಗೆ, ಬೇಕಾದ ಕೋನದಲ್ಲಿ ಹಾಕಿಕೊಳ್ಳುತ್ತೇವೆ. ಫೀಲ್ಡಿನಲ್ಲಿ ಬೇಕಾಗಿರುವುದು ಸಪ್ಪೆ ಬೆಳಕು.

ಈಗಷ್ಟೇ ಎಣ್ಣೆ ಹಚ್ಚಿದ ಕಲ್ಲು, ಮಳೆಯಲ್ಲಿ ನೆನೆದ ಕಲ್ಲು ಬೇಡ. ಹೊಳೆಯುವ ಜಾಗ ನೀವು ನಡೆದಂತೆ ತಾನೂ ಸರಿಯುತ್ತದೆ. ಬೇಲೂರು, ಹಳೇಬೀಡಿನ ಕಡೆದು ನುಣುಪು ಮಾಡಿದ ಕಂಬಗಳನ್ನು ಹೀಗೆ ತೆಗೆಯಲು ಹೋದವರಿಗೆ ಇದರ ಕಾಟ ಗೊತ್ತಿರುತ್ತದೆ. ಕಂಬದ ಬದಲು ಗುಂಡಿ ಬಿದ್ದ ಮುದ್ದೆ ಸಿಗುತ್ತದೆ. ವೀರಗಲ್ಲು ಒರಟು ಕಲ್ಲು, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಫೋಟೊ ತೆಗೆಯುವುದು

ಇಡೀ ಕೆಲಸದ ಹಣೆಬರಹ ಇಲ್ಲೇ ತೀರ್ಮಾನ ಆಗುತ್ತದೆ. ಮನೆಗೆ ಬಂದ ಮೇಲೆ ಯಾವ ಸಾಫ್ಟ್‌ವೇರ್ ಬಳಸಿದರೂ, ತೆಗೆಯದ ಫೋಟೊವನ್ನು ಅದು ಕೊಡಲಾರದು.

ಫೋನಿನಲ್ಲಿ ಒಂದೇ ಲೆನ್ಸ್ ಬಳಸಿ, 1ಎಕ್ಸ್ ಅಂತ ಇರುವುದು. ಅಲ್ಟ್ರಾವೈಡ್ ಬೇಡ, ಜೂಮ್ ಬೇಡ. ಪೋರ್ಟ್ರೇಟ್ ಮೋಡ್, ನೈಟ್ ಮೋಡ್, ಫ್ಲ್ಯಾಶ್, ಫಿಲ್ಟರ್ ಎಲ್ಲ ಆಫ್. ಎಐನಿಂದ ಚಿತ್ರ ಚೆಂದ ಮಾಡುವ ಆಯ್ಕೆ ಇದ್ದರೆ ಅದನ್ನಂತೂ ಮೊದಲು ಆಫ್ ಮಾಡಿ. ಅದು ಮಸುಕಾದ ಗೀರನ್ನು ತಾನೇ ಊಹಿಸಿ ಬರೆದುಬಿಡುತ್ತದೆ. ಶಾಸನದ ವಿಷಯದಲ್ಲಿ ಅದು ಸುಳ್ಳು ಸಾಕ್ಷಿ. ಕಲ್ಲಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ. ಎಲ್ಲ ಫೋಟೊ ಒಂದೇ ಹದದಲ್ಲಿ ಬರಲಿ ಅಂತ ಈ ಲಾಕ್. ಕಲ್ಲಿನಿಂದ ದೂರ ಬದಲಾದಾಗ ಮತ್ತೆ ಒತ್ತಿ ಲಾಕ್ ಮಾಡಿ.

ಎಲ್ಲರೂ ಮೊದಲ ಸಲ ಮಾಡುವುದು ಒಂದೇ: ಒಂದು ಕಡೆ ನಿಂತು ಫೋನನ್ನು ಅತ್ತಿತ್ತ ತಿರುಗಿಸುವುದು. ಅದರಿಂದ ಪನೋರಮಾ ಬರುತ್ತದೆ, ಆಳ ಬರುವುದಿಲ್ಲ. ಆಳ ಗೊತ್ತಾಗಬೇಕಾದರೆ ಕ್ಯಾಮೆರಾ ಜಾಗ ಬದಲಿಸಬೇಕು. ಫೋನ್ ತಿರುಗಿಸುವುದಲ್ಲ, ಕಾಲು ಸರಿಸುವುದು. ಒಂದು ಹೆಜ್ಜೆ, ಒಂದು ಫೋಟೊ. ಪ್ರತಿ ಫೋಟೊದ ಮುಕ್ಕಾಲು ಭಾಗ ಹಿಂದಿನ ಫೋಟೊದಲ್ಲೂ ಇರಬೇಕು.

ಎದೆಮಟ್ಟದ ಎತ್ತರದ ಒಂದು ವೀರಗಲ್ಲನ್ನು ತೆಗೆದುಕೊಳ್ಳೋಣ. ಮೊದಲು ಒಂದೂವರೆ ಮೀಟರ್ ದೂರದಿಂದ, ಎಡ ಅಂಚಿನಿಂದ ಬಲ ಅಂಚಿನವರೆಗೆ ಕಮಾನಿನ ಹಾಗೆ ನಡೆಯಿರಿ. ಕಲ್ಲಿನ ಹಿಂದೆ ಹೋಗಲು ಜಾಗ ಇದ್ದರೆ ಪೂರ್ತಿ ಸುತ್ತು ಹಾಕಿ. ಹೀಗೆ ಮೂರು ಸಲ: ಫೋನ್ ಮಂಡಿ ಎತ್ತರದಲ್ಲಿ, ಎದೆ ಎತ್ತರದಲ್ಲಿ, ಆಮೇಲೆ ಕೈ ಮೇಲೆತ್ತಿ ಸ್ವಲ್ಪ ಕೆಳಗೆ ನೋಡುವ ಹಾಗೆ. ಇಷ್ಟಕ್ಕೆ 50, 60 ಫೋಟೊ ಆಗುತ್ತವೆ. ಕಲ್ಲಿನ ಆಕಾರಕ್ಕೆ ಇದು ಸಾಕು. ಅಕ್ಷರಕ್ಕೆ ಸಾಲದು.

ಯಾಕೆ ಸಾಲದು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಸಾಮಾನ್ಯ ಫೋನಿನ ಮುಖ್ಯ ಲೆನ್ಸ್, ಒಂದೂವರೆ ಮೀಟರ್ ದೂರದಿಂದ ಸುಮಾರು 2 ಮೀಟರ್ ಅಗಲವನ್ನು ಹಿಡಿಯುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 4000 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್‌ಗೆ ಅರ್ಧ ಮಿಲಿಮೀಟರ್. ಸವೆದ ಅಕ್ಷರದ ಗೀರಿನ ಆಳವೇ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಈಗ 40 ಸೆಂಟಿಮೀಟರ್‌ಗೆ ಬನ್ನಿ. ಅಗಲ 55 ಸೆಂಟಿಮೀಟರ್ ಆಗುತ್ತದೆ, ಪಿಕ್ಸೆಲ್‌ಗೆ 0.14 ಮಿಲಿಮೀಟರ್ ಬೀಳುತ್ತದೆ. ಈ ಲೆಕ್ಕದಲ್ಲಿ ಗೀರು ಸಿಗುತ್ತದೆ. ಹೋಲಿಕೆಗೆ ಹೇಳುವುದಾದರೆ, ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲೆವೊಯ್ ತಂಡ 1998-99ರಲ್ಲಿ ಇಟಲಿಗೆ ದೊಡ್ಡ ಲೇಸರ್ ಸ್ಕ್ಯಾನರ್ ಒಯ್ದು ಮೈಕೆಲೆಂಜೆಲೊನ ಶಿಲ್ಪಗಳನ್ನು ಅಳೆಯಿತು. ಅವರು ಗುರಿ ಇಟ್ಟುಕೊಂಡಿದ್ದು ಸುಮಾರು ಕಾಲು ಮಿಲಿಮೀಟರ್, ಉಳಿಯ ಗುರುತು ಕಾಣುವಷ್ಟು. ಪಿಕ್ಸೆಲ್ ಲೆಕ್ಕವೇ ಅಳತೆಯ ಲೆಕ್ಕ ಅಲ್ಲ, ಎರಡು ಮೂರು ಪಿಕ್ಸೆಲ್‌ನಷ್ಟು ದೋಷ ಇದ್ದೇ ಇರುತ್ತದೆ. ಆದರೂ ಜೇಬಿನ ಫೋನ್ ಅದರ ಹತ್ತಿರ ಬರುತ್ತದೆ ಅಂದರೆ ಕಡಿಮೆ ಮಾತಲ್ಲ.

ಹಾಗಾಗಿ ಬರಹ ಇರುವ ಪಟ್ಟಿಯ ಮುಂದೆ 40 ಸೆಂಟಿಮೀಟರ್ ದೂರದಲ್ಲಿ, ಅಂಗೈ ಅಗಲದಷ್ಟು ಸರಿಯುತ್ತಾ ಒಂದು ಸಾಲು ಫೋಟೊ ತೆಗೆಯಿರಿ. ಆಮೇಲೆ ಸ್ವಲ್ಪ ಮೇಲಿನಿಂದ ಒಂದು ಸಾಲು, ಸ್ವಲ್ಪ ಕೆಳಗಿನಿಂದ ಒಂದು ಸಾಲು. ಕೈ ನಡುಗಿ ಮಸುಕಾದ ಫೋಟೊಗಳನ್ನು ಅಲ್ಲೇ ನೋಡಿ ಮತ್ತೆ ತೆಗೆಯಿರಿ. ಇನ್ನೊಂದು ಮಾತು ಹಲವರು ಮರೆಯುತ್ತಾರೆ: ಒಂದೂವರೆ ಮೀಟರ್‌ನಿಂದ ಒಮ್ಮೆಲೇ 40 ಸೆಂಟಿಮೀಟರ್‌ಗೆ ಹಾರಿದರೆ ಸಾಫ್ಟ್‌ವೇರ್‌ಗೆ ಎರಡರ ನಂಟು ಸಿಗುವುದಿಲ್ಲ. ನಡುವೆ ಒಂದು ಮೀಟರ್, 70 ಸೆಂಟಿಮೀಟರ್ ದೂರದಿಂದಲೂ ಕೆಲವು ತೆಗೆದಿರಿ.

ಸ್ಟೀಲ್ ಸ್ಕೇಲನ್ನು ಕಲ್ಲಿನ ಬುಡದಲ್ಲಿ ನೆಲದ ಮೇಲಿಡಿ. ಕಲ್ಲಿಗೆ ಅಂಟಿಸಬೇಡಿ. ಶುರುವಿನಿಂದ ಕೊನೆಯವರೆಗೆ ಅದು ಕದಲಬಾರದು. ಬರೀ ಫೋಟೊಗಳಿಂದ ಆಕಾರ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಕಲ್ಲು ಅಂಗೈಯಷ್ಟಿದೆಯೋ ಆಳೆತ್ತರ ಇದೆಯೋ ಅಂತ ಸಾಫ್ಟ್‌ವೇರ್‌ಗೆ ಹೇಳುವುದು ಆ ಸ್ಕೇಲು ಮಾತ್ರ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಊರು, ಹೋಬಳಿ, ಯಾರ ಜಮೀನು, ಜನ ಅದನ್ನು ಏನೆಂದು ಕರೆಯುತ್ತಾರೆ, ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಅಲ್ಲೇ ಬರೆದುಕೊಳ್ಳಿ.

ಕಂಪ್ಯೂಟರ್ ಒಳಗೆ

ನಾನು ಹೇಳುವುದು ಮೆಶ್‌ರೂಮ್. ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ನಡೆಯುತ್ತದೆ. ಒಂದು ಷರತ್ತು ಇದೆ: ಪೂರ್ತಿ ವಿವರ ಬೇಕಾದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಅದಿಲ್ಲದಿದ್ದರೆ ಒರಟು ಮಾದರಿ ಮಾತ್ರ ಬರುತ್ತದೆ, ಅಕ್ಷರ ಬರುವುದಿಲ್ಲ. ಆಗ ಗೇಮ್ ಆಡುವ ಹುಡುಗರ ಮನೆ ಕಂಪ್ಯೂಟರ್ ಒಂದು ರಾತ್ರಿಗೆ ಕೇಳಿ, ಕೊಡುತ್ತಾರೆ. ಇಲ್ಲವೆಂದರೆ ರಿಯಾಲಿಟಿಸ್ಕ್ಯಾನ್‌ನಂಥ ಫೋನ್ ಆ್ಯಪ್ ಬಳಸಬಹುದು. ಅದು ಫೋಟೊಗಳನ್ನು ತನ್ನ ಸರ್ವರ್‌ಗೆ ಕಳಿಸಿ ಮಾದರಿ ಮಾಡಿಕೊಡುತ್ತದೆ. ಸುಲಭ, ಆದರೆ ನಿಮ್ಮ ಹಿಡಿತದಲ್ಲಿ ಇರುವುದು ಕಮ್ಮಿ.

ಫೋಟೊಗಳನ್ನು ಒಂದು ಫೋಲ್ಡರ್‌ಗೆ ಹಾಕಿ. ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ, ನಡುವೆ ಜಾಗ ಬಿಡಬೇಡಿ. ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಳ್ಳಬೇಡಿ, ಅದು ಚಿತ್ರವನ್ನು ಕುಗ್ಗಿಸಿ ಲೆನ್ಸಿನ ಮಾಹಿತಿಯನ್ನೂ ಅಳಿಸುತ್ತದೆ. ಕೇಬಲ್ ಹಾಕಿ ಕಾಪಿ ಮಾಡಿ. ಮೆಶ್‌ರೂಮ್ ತೆರೆದು, ಎಡಗಡೆಯ ಖಾಲಿ ಜಾಗಕ್ಕೆ ಎಲ್ಲ ಫೋಟೊ ಎಳೆದು ಬಿಡಿ. ಪ್ರಾಜೆಕ್ಟನ್ನು ಮೊದಲು ಸೇವ್ ಮಾಡಿ. ಆಮೇಲೆ ಸ್ಟಾರ್ಟ್ ಒತ್ತಿ.

ಅದು ಓಡುತ್ತಿರುವಾಗ ಒಳಗೆ ಏನು ನಡೆಯುತ್ತದೆ ಅಂತ ತಿಳಿದಿದ್ದರೆ, ಎಲ್ಲಿ ಕೆಟ್ಟಿತು ಅಂತಲೂ ತಿಳಿಯುತ್ತದೆ. ಮೊದಲ ಹಂತದಲ್ಲಿ ಪ್ರತಿ ಫೋಟೊದಲ್ಲೂ ಸಾವಿರಾರು ಗುರುತುಗಳನ್ನು ಆರಿಸುತ್ತದೆ: ಪಾಚಿ ಚುಕ್ಕೆಯ ಮೂಲೆ, ಕಲ್ಲಿನ ಹರಳು, ಚಕ್ಕೆ ಎದ್ದ ಜಾಗ. ದೂರದಿಂದ ನೋಡಿದರೂ ಹತ್ತಿರದಿಂದ ನೋಡಿದರೂ, ಫೋನ್ ಓರೆಯಾಗಿದ್ದರೂ, ಅದೇ ಗುರುತು ಅಂತ ಹಿಡಿಯುವ ವಿಧಾನ ಬೇಕಲ್ವಾ? ಅದನ್ನು ಕೆನಡಾದ ಡೇವಿಡ್ ಲೋವ್ 1999ರಲ್ಲಿ ಕೊಟ್ಟರು, ಹೆಸರು ಸಿಫ್ಟ್. ಅದರ ಪೇಟೆಂಟ್ 2020ರಲ್ಲಿ ಮುಗಿಯಿತು. ಈಗ ಯಾರು ಬೇಕಾದರೂ ಬಳಸಬಹುದು. ಕಲ್ಲಿನ ಮೇಲಿನ ಕಲೆಗಳು ಓದುವಾಗ ನಮಗೆ ಶತ್ರು, ಆದರೆ ಈ ಹಂತದಲ್ಲಿ ಅವೇ ಆಧಾರ. ಹೊಸದಾಗಿ ಬಿಳಿ ಬಣ್ಣ ಬಳಿದ ಕಲ್ಲನ್ನು ಮಾದರಿ ಮಾಡುವುದು ಯಾಕೆ ಕಷ್ಟ ಅಂತ ಇದರಿಂದ ಗೊತ್ತಾಗುತ್ತದೆ.

ಎರಡನೆಯ ಹಂತದಲ್ಲಿ, ಗುರುತುಗಳು ಫೋಟೊದಿಂದ ಫೋಟೊಗೆ ಎಷ್ಟು ಸರಿದಿವೆ ಅಂತ ನೋಡಿ, ಪ್ರತಿ ಫೋಟೊ ತೆಗೆದಾಗ ನೀವು ಎಲ್ಲಿ ನಿಂತಿದ್ದಿರಿ ಅಂತ ಲೆಕ್ಕ ಹಾಕುತ್ತದೆ. ಜಿಪಿಎಸ್ ಇಲ್ಲದೆ, ಬರೀ ಚಿತ್ರಗಳಿಂದ. ವಾಷಿಂಗ್ಟನ್ ವಿಶ್ವವಿದ್ಯಾಲಯದ ನೋವಾ ಸ್ನೇವ್ಲಿ ಮತ್ತು ಜೊತೆಗಾರರು 2006ರಲ್ಲಿ ಪ್ರವಾಸಿಗರು ಇಂಟರ್‌ನೆಟ್‌ಗೆ ಹಾಕಿದ ಫೋಟೊಗಳಿಂದಲೇ ಇಂಥದ್ದನ್ನು ಮಾಡಿ ತೋರಿಸಿದರು. ಯಾರ್ಯಾರೋ ಯಾವ್ಯಾವುದೋ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಅವು. ನಾವು ಈಗ ಕೂತು ಮಾಡುತ್ತಿರುವುದು ಅದರ ಮುಂದುವರಿಕೆ.

ಈ ಹಂತ ಮುಗಿದಾಗ ಬಲಗಡೆ ಚುಕ್ಕಿಗಳ ಮೋಡ, ಅದರ ಸುತ್ತ ಸಣ್ಣ ಕ್ಯಾಮೆರಾ ಗುರುತುಗಳು ಕಾಣುತ್ತವೆ. ನಿಮ್ಮ ಮೂರು ಕಮಾನು, ಹತ್ತಿರದ ಸಾಲುಗಳು ಎಲ್ಲ ಗುರುತು ಸಿಗಬೇಕು. ಎಡಗಡೆ ಫೋಟೊಗಳ ಮೇಲೆ ಕೆಂಪು ಗುರುತು ಇದ್ದರೆ ಅವು ಸೇರಿಕೊಂಡಿಲ್ಲ ಅಂತ ಅರ್ಥ. ಹತ್ತಿರದ ಫೋಟೊಗಳೇ ಒಟ್ಟಿಗೆ ಬಿಟ್ಟುಹೋಗಿದ್ದರೆ ನಡುವಿನ ದೂರದವು ಸಾಲದೆ ಹೋಗಿವೆ. ಮುಂದಿನ ಹಂತಗಳಿಗೆ ಕಾಯದೆ ಇಲ್ಲೇ ನಿಲ್ಲಿಸಿ, ಮತ್ತೆ ಕಲ್ಲಿನ ಹತ್ತಿರ ಹೋಗುವುದೇ ದಾರಿ.

ಆಮೇಲಿನದು ಬರೀ ಕಾಯುವುದು. ಪ್ರತಿ ಪಿಕ್ಸೆಲ್‌ನ ಆಳ ಲೆಕ್ಕ ಹಾಕಿ, ಲಕ್ಷಾಂತರ ಸಣ್ಣ ತ್ರಿಕೋನಗಳ ಮೇಲ್ಮೈ ಮಾಡುತ್ತದೆ. ಇದಕ್ಕೆ ಮೆಶ್ ಅನ್ನುತ್ತಾರೆ. ಕೊನೆಗೆ ಅದರ ಮೇಲೆ ಬಣ್ಣ ಹೊದಿಸುತ್ತದೆ. ಎಷ್ಟು ಹೊತ್ತು ಅನ್ನುವುದು ಕಂಪ್ಯೂಟರ್ ಎಂಥದ್ದು ಅನ್ನುವುದರ ಮೇಲಿದೆ, ಒಂದೆರಡು ಗಂಟೆಯೂ ಆಗಬಹುದು, ಇಡೀ ರಾತ್ರಿಯೂ ಆಗಬಹುದು. ಮುಗಿದಾಗ ಟೆಕ್ಸ್ಚರಿಂಗ್ ಅನ್ನುವ ಫೋಲ್ಡರ್‌ನಲ್ಲಿ ಮಾದರಿಯ ಫೈಲ್ ಇರುತ್ತದೆ.

ಬಣ್ಣ ತೆಗೆದು ಓದುವುದು

ಆ ಫೈಲನ್ನು ಮೆಶ್‌ಲ್ಯಾಬ್‌ನಲ್ಲಿ ತೆರೆಯಿರಿ. ಇದು ಇಟಲಿಯ ಪೀಸಾದಲ್ಲಿರುವ ಸಂಶೋಧನಾ ಸಂಸ್ಥೆಯೊಂದು ಉಚಿತವಾಗಿ ಕೊಟ್ಟಿರುವುದು. ಸುತ್ತಲಿನ ಹುಲ್ಲು, ನೆಲ ಎಲ್ಲ ಆಯ್ದು ಅಳಿಸಿ, ಸ್ಕೇಲು ಮಾತ್ರ ಉಳಿಸಿಕೊಳ್ಳಿ. ಅಳತೆ ಪಟ್ಟಿಯ ಐಕಾನ್ ಒತ್ತಿ ಸ್ಕೇಲಿನ 0ಯಿಂದ 30ರವರೆಗೆ ಎಳೆಯಿರಿ. ಬಂದ ಸಂಖ್ಯೆಯಿಂದ 300 ಅನ್ನು ಭಾಗಿಸಿ, ಅಷ್ಟು ಪಟ್ಟು ಮಾದರಿಯನ್ನು ಹಿಗ್ಗಿಸಿ. ಈಗ ಮಾದರಿಯ ಒಂದು ಅಂಶ ಅಂದರೆ ಒಂದು ಮಿಲಿಮೀಟರ್.

ಈಗ ಬಲಗಡೆಯ ಪಟ್ಟಿಯಲ್ಲಿ ಬಣ್ಣವನ್ನು ಆಫ್ ಮಾಡಿ. ಕಲ್ಲು ಒಂದೇ ಬೂದು ಬಣ್ಣಕ್ಕೆ ತಿರುಗುತ್ತದೆ. ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ಮೌಸ್ ಎಳೆದರೆ ಬೆಳಕಿನ ದಿಕ್ಕು ತಿರುಗುತ್ತದೆ. ನಿಧಾನವಾಗಿ ಎಳೆಯಿರಿ. ಬೆಳಕು ಕಲ್ಲಿನ ಮೈಗೆ ತಾಗುವಷ್ಟು ಓರೆಯಾದಾಗ, ಅಷ್ಟು ಹೊತ್ತು ಏನೂ ಇಲ್ಲದ ಜಾಗದಲ್ಲಿ ಒಂದು ಗೀರು ಏಳುತ್ತದೆ, ಪಕ್ಕದಲ್ಲಿ ಒಂದು ಸುತ್ತು. ಇನ್ನಷ್ಟು ತಿರುಗಿಸಿದರೆ ಸಾಲು ಹಿಡಿಯಲು ಬರುತ್ತದೆ.

ಇದು ಕಣ್ಕಟ್ಟಲ್ಲ. 1760ರಲ್ಲಿ ಲ್ಯಾಂಬರ್ಟ್ ಬರೆದಿಟ್ಟ ನಿಯಮ, ಗ್ರಾಫಿಕ್ಸ್ ಕಲಿಯುವವರು ಮೊದಲ ವಾರದಲ್ಲೇ ನೋಡುವಂಥದ್ದು: ಮೇಲ್ಮೈ ಎಷ್ಟು ಬೆಳಗುತ್ತದೆ ಅನ್ನುವುದು ಬೆಳಕು ಬೀಳುವ ಕೋನದ ಕೊಸೈನ್‌ನಂತೆ. ಬೆಳಕು ನೇರ ಎದುರಿನಿಂದ ಬಿದ್ದಾಗ, ಕಲ್ಲಿನ ಮೈ 5 ಡಿಗ್ರಿ ವಾಲಿದ್ದರೆ ಬೆಳಗು ಶೇಕಡಾ 0.5ರಷ್ಟೂ ಬದಲಾಗುವುದಿಲ್ಲ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದೇ ಬೆಳಕು ಮೇಲ್ಮೈಯಿಂದ ಬರೀ 15 ಡಿಗ್ರಿ ಮೇಲಿದ್ದರೆ, ಅದೇ 5 ಡಿಗ್ರಿ ವಾಲಿಗೆ ಬೆಳಗು ಮೂರನೇ ಒಂದು ಭಾಗದಷ್ಟು ಏರುಪೇರಾಗುತ್ತದೆ. ಸವೆದ ಅಕ್ಷರದ ಅಂಚು ಅಂದರೆ ಅಂಥ ಸಣ್ಣ ವಾಲು, ಇನ್ನೇನಲ್ಲ. ಹಳೆ ಶಾಸನತಜ್ಞರು ಸಂಜೆ ಬಿಸಿಲಿಗೆ ಕಾಯುತ್ತಿದ್ದದ್ದು, ರಾತ್ರಿ ಪಕ್ಕದಿಂದ ಲಾಟೀನು ಹಿಡಿಯುತ್ತಿದ್ದದ್ದು ಇದೇ ಕಾರಣಕ್ಕೆ. ನಮಗೆ ಇರುವ ಅನುಕೂಲ, ಸೂರ್ಯ ಎಂದೂ ಹೋಗದ ದಿಕ್ಕಿನಿಂದಲೂ ಬೆಳಕು ಬಿಡಬಹುದು. ಉತ್ತರಕ್ಕೆ ಮುಖ ಮಾಡಿ ಗೋಡೆಗೆ ಒರಗಿದ ಕಲ್ಲಿಗೆ ಇದು ದೊಡ್ಡ ಮಾತು.

ಒಂದು ಎಚ್ಚರಿಕೆ. ಬೆಳಕಿಗೆ ಅಡ್ಡವಾಗಿರುವ ಗೀರು ಕಾಣುತ್ತದೆ, ಬೆಳಕಿನ ದಿಕ್ಕಿನಲ್ಲೇ ಹೋಗುವ ಗೀರು ಮಾಯವಾಗುತ್ತದೆ. ಕನ್ನಡದ ದುಂಡು ಅಕ್ಷರದಲ್ಲಿ ಇದರಿಂದ ಅರ್ಧ ಸುತ್ತೇ ಕಳೆದುಹೋಗಬಹುದು. ಕನಿಷ್ಠ ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟು ಸ್ಕ್ರೀನ್‌ಶಾಟ್ ತೆಗೆದಿಡಿ. ಬೆಳಕು ಕೆಳಗಿನಿಂದ ಬಂದರೆ ಕೊರೆದ ಅಕ್ಷರ ಉಬ್ಬಿದ ಹಾಗೆ ಕಾಣುತ್ತದೆ. ನಮ್ಮ ಕಣ್ಣು ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಂಬಿಕೊಂಡಿದೆ. ಬೇರೆಯವರಿಗೆ ತೋರಿಸುವ ಚಿತ್ರದಲ್ಲಿ ಬೆಳಕು ಮೇಲಿನ ಎಡಗಡೆಯಿಂದ ಇರಲಿ.

ದಿಕ್ಕಿನ ಗೊಡವೆಯೇ ಬೇಡ ಅಂದರೆ ಆ್ಯಂಬಿಯಂಟ್ ಅಕ್ಲೂಷನ್ ಇದೆ. ಮೇಲ್ಮೈಯ ಪ್ರತಿ ಬಿಂದುವಿನಿಂದ ಆಕಾಶ ಎಷ್ಟು ಕಾಣುತ್ತದೆ ಅಂತ ಲೆಕ್ಕ ಹಾಕಿ, ಕಮ್ಮಿ ಕಂಡ ಜಾಗಕ್ಕೆ ಕಪ್ಪು ಹಾಕುವುದು. ಗುಂಡಿಯ ತಳಕ್ಕೆ ಆಕಾಶ ಕಮ್ಮಿ ಕಾಣುತ್ತದೆ. ಹಾಗಾಗಿ ಕೊರೆದ ಗೀರೆಲ್ಲ ತಾನಾಗಿ ಕಪ್ಪಾಗುತ್ತದೆ. ಸಿನಿಮಾದವರು, ಗೇಮ್‌ನವರು ಮೂಲೆ ಮೊಡಕಿನ ನೆರಳು ಸಹಜವಾಗಿ ಬರಲಿ ಅಂತ ಬೆಳೆಸಿದ ತಂತ್ರ ಇದು. ಕಲ್ಲಿನ ಮೇಲೆ ಹಾಕಿದರೆ ಕಾಗದ ಒತ್ತಿ ಮಸಿಯಲ್ಲಿ ಪಡಿಯಚ್ಚು ತೆಗೆದ ಹಾಗೆ ಬರುತ್ತದೆ. ಮೆಶ್‌ಲ್ಯಾಬ್‌ನಲ್ಲಿ ಫಿಲ್ಟರ್ಸ್ ಮೆನುವಿನ ಒಳಗೆ ಸಿಗುತ್ತದೆ. ಕ್ಲೌಡ್‌ಕಂಪೇರ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಪಿಸಿವಿ ಅನ್ನುವ ಪ್ಲಗಿನ್ ಇದೇ ಕೆಲಸ ಮಾಡುತ್ತದೆ. ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶ ಗೊತ್ತಿರುವವರು ಸಾಲಿಡ್ ಮೋಡ್‌ನಲ್ಲಿ ಕ್ಯಾವಿಟಿ ಆನ್ ಮಾಡಿದರೂ ಸಾಕು, ತಕ್ಷಣ ವ್ಯತ್ಯಾಸ ಕಾಣುತ್ತದೆ.

ಕಲ್ಲು ಹೆಚ್ಚುಕಮ್ಮಿ ಚಪ್ಪಟೆ ಇದ್ದರೆ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇನ್ನೊಂದು ವಿಧಾನ. ಒಂದೇ ಸಾಲಿನಷ್ಟು ಭಾಗ ಕತ್ತರಿಸಿಕೊಂಡು, ಕ್ಲೌಡ್‌ಕಂಪೇರ್‌ನಲ್ಲಿ ಅದಕ್ಕೆ ಒಂದು ಸಮತಲ ಕೂರಿಸಿ. ಆಮೇಲೆ ಪ್ರತಿ ಬಿಂದು ಆ ಸಮತಲದಿಂದ ಎಷ್ಟು ಕೆಳಗಿದೆ ಅಂತ ಅಳೆದು ಬಣ್ಣ ಕೊಡಿ. ಆಳದ ನಕ್ಷೆ ಬರುತ್ತದೆ. ಉಳಿಯಲ್ಲಿ ಕೊರೆದ ಗೀರು ಸಾಲಿನ ಉದ್ದಕ್ಕೂ ಸುಮಾರು ಒಂದೇ ಆಳ ಇರುತ್ತದೆ. ಬಿರುಕು ಹಾಗಿರುವುದಿಲ್ಲ, ಎಲ್ಲೋ ಶುರುವಾಗಿ ಅಕ್ಷರಗಳನ್ನು ದಾಟಿ ಹೋಗುತ್ತದೆ. ಸೊನ್ನೆಯೋ ಚಕ್ಕೆ ಎದ್ದ ಗುಳಿಯೋ ಅನ್ನುವ ಜಗಳ ಎಷ್ಟೋ ಸಲ ಇಲ್ಲಿ ತೀರುತ್ತದೆ.

ಇದು ಎಲ್ಲದಕ್ಕೂ ಆಗುವುದಿಲ್ಲ

ತಾಮ್ರಪಟ, ನಾಣ್ಯ, ತಾಳೆಗರಿಯಂಥವಕ್ಕೆ ಆರ್‌ಟಿಐ ಅನ್ನುವ ವಿಧಾನ ಒಳ್ಳೆಯದು. ಮಾಹಿತಿ ಹಕ್ಕಲ್ಲ, ಬೆಳಕಿನ ಆರ್‌ಟಿಐ. ಎಚ್‌ಪಿ ಸಂಶೋಧನಾಲಯದ ಟಾಮ್ ಮಾಲ್ಜ್‌ಬೆಂಡರ್ ತಂಡ 2001ರಲ್ಲಿ ಪ್ರಕಟಿಸಿದ್ದು. ಇಲ್ಲಿ ಕ್ಯಾಮೆರಾ ಟ್ರೈಪಾಡ್ ಮೇಲೆ ಅಲ್ಲಾಡದೆ ಇರುತ್ತದೆ, ಟಾರ್ಚ್ ಮಾತ್ರ ಸುತ್ತ ತಿರುಗುತ್ತದೆ. ಕತ್ತಲೆ ಕೋಣೆಯಲ್ಲಿ 40, 50 ಕಡೆಯಿಂದ ಬೆಳಕು ಹಿಡಿದು ಅಷ್ಟೂ ಫೋಟೊ ತೆಗೆಯಬೇಕು. ಪಕ್ಕದಲ್ಲಿ ಹೊಳೆಯುವ ಕಪ್ಪು ಗೋಲಿಯೊಂದನ್ನು ಇಟ್ಟರೆ, ಅದರ ಮೇಲಿನ ಹೊಳಪು ನೋಡಿ ಟಾರ್ಚ್ ಎಲ್ಲಿತ್ತು ಅಂತ ಸಾಫ್ಟ್‌ವೇರ್ ತಿಳಿದುಕೊಳ್ಳುತ್ತದೆ. ಗ್ರೀಸಿನ ಪ್ರಸಿದ್ಧ ಆ್ಯಂಟಿಕಿಥೆರಾ ಯಂತ್ರದ ಮೇಲಿನ ಬರಹ ಓದಲು 2005ರಲ್ಲಿ ಇದನ್ನೇ ಬಳಸಿದರು. ರಿಲೈಟ್ ಅನ್ನುವ ಉಚಿತ ತಂತ್ರಾಂಶ ಇದಕ್ಕೆ ಸಿಗುತ್ತದೆ.

ಈಗ ಎಲ್ಲರ ಬಾಯಲ್ಲೂ ಇರುವುದು ಗಾಸಿಯನ್ ಸ್ಪ್ಲಾಟಿಂಗ್, ಫೋಟೊಗಳಿಂದ 3ಡಿ ದೃಶ್ಯ ಕಟ್ಟುವ ಇನ್ನೊಂದು ವಿಧಾನ, 2023ರಲ್ಲಿ ಫ್ರಾನ್ಸಿನ ಇನ್ರಿಯಾ ತಂಡ ತಂದದ್ದು. ಅದಕ್ಕೆ ಮುಂಚೆ 2020ರಲ್ಲಿ ನೆರ್ಫ್ ಅನ್ನುವ ಅಂಥದ್ದೇ ವಿಧಾನ ಬಂದಿತ್ತು. ನೋಡಲು ಇವೆರಡೂ ಬಲು ಚೆಂದ. ಹೊಳೆಯುವ ಕಂಬ, ಮರದ ಎಲೆ, ಇಡೀ ಮಂಟಪ, ಎಲ್ಲ ಕಣ್ಣೆದುರು ಇದ್ದ ಹಾಗೆ ಬರುತ್ತವೆ. ಆದರೆ ಅವುಗಳಲ್ಲಿ ಗಟ್ಟಿಯಾದ ಮೇಲ್ಮೈ ಇಲ್ಲ. ಬಣ್ಣ, ಬೆಳಕು, ಆಕಾರ ಎಲ್ಲ ಕಲಸಿಹೋಗಿರುತ್ತವೆ. ಬಣ್ಣ ತೆಗೆದು ಆಳ ಮಾತ್ರ ಇಟ್ಟುಕೊಳ್ಳೋಣ ಅಂದರೆ ಕೈಗೆ ಸಿಗುವುದಿಲ್ಲ. ದೇವಸ್ಥಾನ ತೋರಿಸಲು ಅದನ್ನು ಬಳಸಿ. ಶಾಸನ ಓದಲು ಬೇಡ, ಸದ್ಯಕ್ಕಂತೂ ಬೇಡ.

ಇಟ್ಟುಕೊಳ್ಳುವುದು, ಹಂಚುವುದು

ಮೊದಲು ಉಳಿಸಬೇಕಾದ್ದು ಮಾದರಿಯಲ್ಲ, ಮೂಲ ಫೋಟೊಗಳು. ಇನ್ನೈದು ವರ್ಷಕ್ಕೆ ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಬರುತ್ತದೆ. ಅದೇ ಫೋಟೊಗಳಿಂದ ಇನ್ನೂ ಒಳ್ಳೆಯ ಮಾದರಿ ಬರುತ್ತದೆ. ಎರಡು ಕಡೆ ಕಾಪಿ ಇರಲಿ.

ಪೂರ್ತಿ ಮಾದರಿ ಫೋನಿನಲ್ಲಿ ತೆರೆಯಲಾರದಷ್ಟು ಭಾರ ಇರುತ್ತದೆ. ಮೆಶ್‌ಲ್ಯಾಬ್‌ನ ಕ್ವಾಡ್ರಿಕ್ ಎಡ್ಜ್ ಕೊಲ್ಯಾಪ್ಸ್ ಫಿಲ್ಟರ್ ಬಳಸಿ 50 ಲಕ್ಷ ತ್ರಿಕೋನವನ್ನು 5 ಲಕ್ಷಕ್ಕೆ ಇಳಿಸಬಹುದು. ಗಾರ್ಲಂಡ್ ಮತ್ತು ಹೆಕ್‌ಬರ್ಟ್ 1997ರಲ್ಲಿ ಕೊಟ್ಟ ವಿಧಾನ. ಚಪ್ಪಟೆ ಜಾಗದಲ್ಲಿ ಹೆಚ್ಚು ತೆಗೆದು, ಅಂಚುಗಳಲ್ಲಿ ಉಳಿಸುತ್ತದೆ. ಇಳಿಸಿದ್ದು ತೋರಿಸಲು, ಓದಲು ದೊಡ್ಡದನ್ನೇ ಇಟ್ಟುಕೊಳ್ಳಿ. ಹಂಚಲು ಸ್ಕೆಚ್‌ಫ್ಯಾಬ್ ಅನ್ನುವ ಜಾಲತಾಣ ಇದೆ. ವಿಕಿಮೀಡಿಯ ಕಾಮನ್ಸ್ ಕೂಡ 2018ರಿಂದ ಎಸ್‌ಟಿಎಲ್ ಅನ್ನುವ ಬಗೆಯ 3ಡಿ ಫೈಲ್ ತೆಗೆದುಕೊಳ್ಳುತ್ತದೆ. ಎಸ್‌ಟಿಎಲ್‌ನಲ್ಲಿ ಬಣ್ಣ ಇರುವುದಿಲ್ಲ, ನಮಗೆ ಬೇಕಾದ್ದೂ ಅದೇ. ಅದೇ ಫೈಲಿನಿಂದ 3ಡಿ ಪ್ರಿಂಟ್ ಕೂಡ ತೆಗೆಸಬಹುದು, ಊರ ಶಾಲೆಯಲ್ಲಿ ಇಡಲು ಚೆನ್ನಾಗಿರುತ್ತದೆ.

ಬೇಲಿ, ಕಾವಲು ಇಲ್ಲದ ಕಲ್ಲಾದರೆ ಕರಾರುವಾಕ್ಕಾದ ಜಿಪಿಎಸ್ ಸ್ಥಳವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಊರು, ತಾಲ್ಲೂಕು ಸಾಕು. ಕಲ್ಲು ಎಲ್ಲೂ ದಾಖಲಾಗಿಲ್ಲ ಅನಿಸಿದರೆ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ, ಅವರಿಗೆ ಸ್ಥಳ ಕೊಡಿ.

ಹಳಗನ್ನಡ ಲಿಪಿ ನಿಮಗೆ ಬರದಿದ್ದರೆ ಶಾಸನ ಓದುವವರಿಗೆ ಕಳಿಸಿ. ಮಾದರಿಯ ಫೈಲ್ ಕಳಿಸಿದರೆ ಹೆಚ್ಚಿನವರು ತೆರೆಯುವುದೇ ಇಲ್ಲ. ನಾಲ್ಕು ದಿಕ್ಕಿನ ಬೆಳಕಿನ ಚಿತ್ರ, ಒಂದು ಅಕ್ಲೂಷನ್ ಚಿತ್ರ, ಒಂದು ಆಳದ ನಕ್ಷೆ, ಎಲ್ಲದರಲ್ಲೂ ಸ್ಕೇಲು, ಪ್ರತಿ ಸಾಲಿಗೂ ಬೇರೆ ಚಿತ್ರ, ಇಷ್ಟನ್ನು ಪಿಡಿಎಫ್ ಮಾಡಿ ಕಳಿಸಿ. ಅಕ್ಷರದ ಮೇಲೆ ನೀವು ಗೆರೆ ಎಳೆದು ತಿದ್ದಬೇಡಿ. ನಿಮ್ಮ ಊಹೆ ಇದ್ದರೆ ಪಕ್ಕದಲ್ಲಿ ಬರೆಯಿರಿ. ಅವರು ಒಂದೆರಡು ಅಕ್ಷರದ ಬಗ್ಗೆ ಅನುಮಾನ ಹೇಳಿಯೇ ಹೇಳುತ್ತಾರೆ. ಆಗ ಆ ಜಾಗವನ್ನು ಮಾತ್ರ 25, 30 ಸೆಂಟಿಮೀಟರ್ ಹತ್ತಿರದಿಂದ ಮತ್ತೆ ತೆಗೆಯಿರಿ. ಜೊತೆಗೆ 40 ಸೆಂಟಿಮೀಟರ್‌ನ ನಾಲ್ಕಾರು ಫೋಟೊ ಇರಲಿ. ಹೊಸ ಫೋಟೊಗಳನ್ನು ಹಳೆಯವುಗಳ ಜೊತೆ ಸೇರಿಸಿ ಮೆಶ್‌ರೂಮ್‌ಗೆ ಕೊಟ್ಟರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ನಡುವೆ ಯಾರೂ ಕಲ್ಲಿಗೆ ಬಣ್ಣ ಬಳಿದಿರಬಾರದು, ಅಷ್ಟೇ.